ಕೈಗೆ ಜೋಮು, ಬಾಯಿಗೆ ಕಾವಲು

ಹೋದ ವರ್ಷ ಬಚ್ಚಲಮನೆಯಲ್ಲಿ ಜಾರಿ ಬಿದ್ದು ಬಲಗೈ ಮುರಿದುಕೊಂಡೆ. ಆಯುಷ್ಯವೆಲ್ಲ ಬೇರೆಯವರ ಕೈಗೆ ಸೂಜಿ ಚುಚ್ಚಿದವಳು ನಾನು, ಈಗ ನನ್ನ ಪಾಳಿ ಬಂತು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ನನಗೆ ಅರಿವಳಿಕೆ ಕೊಡಲು ಬಂದವಳು ಮೊಮ್ಮಗಳ ವಯಸ್ಸಿನ ಡಾಕ್ಟರು. ಟಿವಿಯಂಥ ಪರದೆಯ ಮೇಲೆ ನನ್ನ ಕುತ್ತಿಗೆಯ ಬುಡದ ನರಗಳನ್ನು ನನಗೇ ತೋರಿಸಿ, "ನೋಡ್ರಿ ಮೇಡಂ, ದ್ರಾಕ್ಷಿ ಗೊಂಚಲ ಇದ್ದಂಗ ಕಾಣ್ತಾವಲ್ಲ, ಇದರ ಸುತ್ತ ಔಷಧ ಬಿಡ್ತೀನಿ" ಅಂದಳು. ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ. ಆ ಗೊಂಚಲನ್ನು ನಾವು ಒಂದು ದಿನವೂ ಕಣ್ಣಿಂದ ಕಂಡವರಲ್ಲ. ಬೆರಳ ತುದಿಯಿಂದ ತಡಕಾಡಿ ಹುಡುಕಿದವರು.

ಔಷಧಕ್ಕೆ ಇನ್ನೊಂದು ಔಷಧ ಬೆರೆಸುತ್ತ ಆ ಹುಡುಗಿ ಕೇಳಿದಳು: "ನಿಮ್ಮ ಕಾಲದಾಗ ಜೊತಿಗೆ ಏನ್ ಬೆರಸ್ತಿದ್ರಿ ಮೇಡಂ?"

"ಮೊದಲ ನನ್ನ ಕೈ ನೆಟ್ಟಗ ಮಾಡವಾ, ಆಮ್ಯಾಲೆ ಬರದು ಕೊಡ್ತೀನಿ" ಅಂದೆ. ಕೈ ನೆಟ್ಟಗಾಗಿದೆ, ಬರೆಯುತ್ತಿದ್ದೇನೆ. ಅವಳು ಆ ದಿನ ಇನ್ನೊಂದು ಪ್ರಶ್ನೆಯನ್ನೂ ಕೇಳಿದ್ದಳು. ಅದನ್ನು ಕೊನೆಗೆ ಹೇಳುತ್ತೇನೆ, ಮೊದಲೇ ಹೇಳಿದರೆ ನಿಮಗೆ ತಿಳಿಯುವುದಿಲ್ಲ.

ಎಂಬತ್ತರ ದಶಕದಲ್ಲಿ ನನ್ನ ನೌಕರಿ ಎಂದರೆ ಬಸ್ಸಿನ ನೌಕರಿ. ಮನೆ ಹುಬ್ಬಳ್ಳಿಯಲ್ಲಿ, ಕೆಲಸ ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿಗಳಲ್ಲಿ. ಎಲ್ಲಿ ಶಸ್ತ್ರಚಿಕಿತ್ಸೆ ಇರುತ್ತದೋ ಅಲ್ಲಿಗೆ ನಾನು ಮತ್ತು ನನ್ನ ಚರ್ಮದ ಚೀಲ. ಅದರಲ್ಲಿ ಸೂಜಿ, ಸಿರಿಂಜು, ಔಷಧದ ಸೀಸೆ, ಬಿಪಿ ನೋಡುವ ಯಂತ್ರ, ಮೇಲೆ ಒಂದು ರೊಟ್ಟಿಯ ಗಂಟು. ಕಂಡಕ್ಟರುಗಳಿಗೆಲ್ಲ ನನ್ನ ಗುರುತಿತ್ತು. "ನಿದ್ದಿ ಬಾಯಾರು ಬಂದ್ರು, ಸೀಟ್ ಬಿಡ್ರಿ!" ಎಂದು ಕೂಗುತ್ತಿದ್ದರು. ನಮ್ಮ ಕಡೆ ಹೆಣ್ಣು ಡಾಕ್ಟರಿಗೆ 'ಬಾಯಾರು' ಅನ್ನುವುದು ರೂಢಿ. ನಿದ್ದೆ ಬರಿಸುವವಳಾದ್ದರಿಂದ ನಾನು ನಿದ್ದಿ ಬಾಯಾರು. ಆ ಹೆಸರು ಕೇಳಿ ಬಸ್ಸಿನಲ್ಲಿ ಪಕ್ಕದ ಸೀಟಿನವರು ಒಂಚೂರು ಸರಿದು ಕೂಡುತ್ತಿದ್ದರು, ಎಲ್ಲಿ ಮುಟ್ಟಿ ಮಲಗಿಸಿಬಿಡುತ್ತಾಳೋ ಎಂದು!

ಆದರೆ ನನಗೆ ಇಷ್ಟವಾದದ್ದು ಮಲಗಿಸುವ ಕೆಲಸವಲ್ಲ. ಕೈಯೊಂದನ್ನೇ ಮಲಗಿಸಿ ಮನುಷ್ಯನನ್ನು ಎಚ್ಚರ ಇಡುವ ಕೆಲಸ. ಕೊರಳೆಲುಬಿನ ಮೇಲೆ ಬೆರಳಿಟ್ಟು ನಾಡಿ ಹುಡುಕಬೇಕು, ಅದರ ಬಾಜೂ ಸೂಜಿ ಇಳಿಸಬೇಕು. ಸೂಜಿ ನರಕ್ಕೆ ತಾಗಿದ ಕೂಡಲೇ ರೋಗಿಯ ಕೈಬೆರಳಿನವರೆಗೆ ಕರೆಂಟು ಹೊಡೆದಂತೆ ಝುಂ ಅನ್ನುತ್ತದೆ. ಅವನು "ಝುಂ ಅಂತ್ರಿ" ಎಂದು ಬಾಯಿಬಿಟ್ಟು ಹೇಳಬೇಕು, ನಾವು ಅಲ್ಲೇ ಔಷಧ ಬಿಡಬೇಕು. ಹೇಳುವುದು ತಡವಾದರೆ ಸೂಜಿ ಎಲ್ಲಿಗೋ ಹೋಗುತ್ತದೆ. ಅಂದರೆ ನಮ್ಮ ಪರದೆ, ನಮ್ಮ ಯಂತ್ರ, ಎಲ್ಲವೂ ರೋಗಿಯ ಬಾಯಿಯೇ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಔಷಧ ಲಿಗ್ನೊಕೇನ್. ಒಳ್ಳೆಯ ಔಷಧ, ಆದರೆ ಗಡಿಬಿಡಿಯದು. ಕೈಯನ್ನು ಹಿಡಿಯಲು ತಡ, ಬಿಡಲು ಅವಸರ. ಅದಕ್ಕೆ ಜೊತೆಮದ್ದು ಬೆರೆಸುತ್ತಿದ್ದೆವು. ಪುಸ್ತಕದಲ್ಲಿ ಅಡ್ಜುವೆಂಟ್ ಅಂತ ದೊಡ್ಡ ಹೆಸರಿದೆ. ನಮ್ಮ ಹತ್ತಿರ ಇದ್ದವು ಮುಖ್ಯವಾಗಿ ಎರಡು. ಒಂದು ಅಡ್ರಿನಲಿನ್. ತೀರ ಹನಿಯಷ್ಟು ಹಾಕಿದರೆ ಅಲ್ಲಿನ ರಕ್ತನಾಳ ಬಿಗಿದು, ಔಷಧ ರಕ್ತದಲ್ಲಿ ಹರಿದುಹೋಗದೆ ನರದ ಹತ್ತಿರವೇ ಕೂಡುತ್ತದೆ, ಜೋಮು ಬಹಳ ಹೊತ್ತು ನಿಲ್ಲುತ್ತದೆ. ಇನ್ನೊಂದು ಸೋಡಾ ಬೈಕಾರ್ಬ್. ಅದು ಔಷಧದ ಹುಳಿ ಮುರಿದು ನರದೊಳಗೆ ಬೇಗ ಇಳಿಯುವಂತೆ ಮಾಡುತ್ತದೆ. ಅಡ್ರಿನಲಿನ್ ಹೆಚ್ಚಾದರೆ ಎದೆ ಹಾರುತ್ತದೆ, ಸೋಡಾ ಹೆಚ್ಚಾದರೆ ಔಷಧ ಸಿರಿಂಜಿನಲ್ಲೇ ಮಬ್ಬಾಗುತ್ತದೆ. ಮಬ್ಬಾಯಿತೆಂದರೆ ಚೆಲ್ಲಿ ಮತ್ತೆ ಮೊದಲಿನಿಂದ ಮಾಡಬೇಕು.

ಅಡ್ರಿನಲಿನ್ ಎಂಥ ಗಟ್ಟಿ ಮದ್ದು ಎಂಬುದನ್ನು ನನಗೆ ತಿಳಿಸಿಕೊಟ್ಟವನು ದೇವಿಕೊಪ್ಪದ ನಿಂಗಪ್ಪ. ಕಲಘಟಗಿಯಲ್ಲಿ ಅಡ್ರಿನಲಿನ್ ಬೆರೆಸಿ ಜೋಮು ಬರಿಸಿ, ಅವನ ಮುಂಗೈ ಎಲುಬು ಕೂಡಿಸಿ ಪಟ್ಟಿ ಹಾಕಿದ್ದೆವು. ನೋವಿಲ್ಲ, ಮನುಷ್ಯ ಖುಷಿಯಾಗಿದ್ದ. ಕೈಯನ್ನು ಕೊರಳಿಗೆ ಕಟ್ಟಿಕೊಟ್ಟ ಬಟ್ಟೆಯನ್ನು ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡು ಊರಿನ ಬಸ್ಸು ಹತ್ತಿದ. ತಿರುವಿನಲ್ಲಿ ಬಸ್ಸು ವಾಲಿದಾಗ ಆ ಜೋಮುಗಟ್ಟಿದ ಕೈ ಎದ್ದು ಬಾಜೂ ಕೂತಿದ್ದ ಹೆಂಗಸಿನ ತೊಡೆಯ ಮೇಲೆ ಬಿತ್ತು. ಆಕೆ ಬೈದರೆ ಇವನು ತೆಗೆಯಲು ಹೋದ, ಕೈ ಬರಲಿಲ್ಲ. ಬಸ್ಸೇ ರಣರಂಗವಾಯಿತು. ಮರುದಿನ ಬಂದು ನನ್ನ ಮುಂದೆ ನಿಂತ.

"ಬಾಯಾರ, ನನ್ನ ಕೈ ನನ್ನ ಮಾತ ಕೇಳವಲ್ದಾತ್ರಿ. ನಾ ಮರ್ಯಾದಿ ಇದ್ದ ಮನಶ್ಯಾ. ಎಲ್ಲಾ ಮಂದಿ ಮುಂದ ಹೆಂಗ ಹೇಳ್ಲಿ, ಇದು ನಂದಲ್ಲ, ಬಾಯಾರ ಕೈ ಅಂತ?"

ನಾನು ನಗು ತಡೆಯಲಾಗದೆ ಒಳಗೆ ಓಡಿದೆ. ಅಂದಿನಿಂದ ಜೋಮಿನ ಕೈಯನ್ನು ಗಂಟು ಹಾಕಿ ಕಟ್ಟಿ, ಜೋಮು ಇಳಿಯುವವರೆಗೆ ಕಟ್ಟೆಯ ಮೇಲೆ ಕೂಡಿಸಿಯೇ ಕಳಿಸುತ್ತಿದ್ದೆ. ನೀವೂ ಹಾಗೇ ಮಾಡಿ.

ಈಗ ಮಾಬೂಬಿಯ ಮಾತಿಗೆ ಬರುತ್ತೇನೆ. ನಾನು ಬರೆಯಲು ಕೂತದ್ದೇ ಅವಳಿಗಾಗಿ.

ನವಲಗುಂದದಲ್ಲಿ ಡಾಕ್ಟರ್ ಬಸನಗೌಡ್ರು ಎಂಬ ಸರ್ಜನ್ ಇದ್ದರು. ಚಿಕ್ಕ ಆಸ್ಪತ್ರೆ, ದೊಡ್ಡ ಗಂಟಲು. ಕೈ ಬಹಳ ಚುರುಕು, ಬಾಯಿ ಅದಕ್ಕಿಂತ ಚುರುಕು. ನಾನು ಕೈಗಷ್ಟೇ ಜೋಮು ಬರಿಸುತ್ತ ಕೂತರೆ ಅವರಿಗೆ ಮೈ ಉರಿಯುತ್ತಿತ್ತು. "ನಿಮ್ಮ ಔಷಧ ಹತ್ತೂತನ ನಾ ಹೋಗಿ ಚಾ ಕುಡದು, ಪೇಪರ್ ಓದಿ ಬರ್ಲಿ ಏನ್ರಿ ಬಾಯಾರ?" ಅನ್ನುತ್ತಿದ್ದರು. ಅವರಿಗೆ ಬೇಕಾದದ್ದು ಕೆಟಮಿನ್. ಒಂದು ಸೂಜಿ ಹಾಕಿದರೆ ರೋಗಿ ಕಣ್ಣು ತೆರೆದುಕೊಂಡೇ ಬೇರೆ ಲೋಕಕ್ಕೆ ಹೋಗುತ್ತಾನೆ. ತಿರುಗಿ ಬರುವಾಗ ಮಾತ್ರ ಮನಸ್ಸಿನಲ್ಲಿದ್ದದ್ದು, ಇಲ್ಲದ್ದು ಎಲ್ಲ ಬಡಬಡಿಸುತ್ತ ಬರುತ್ತಾನೆ.

ಆ ಬಡಬಡಿಕೆಯಿಂದ ಊರಲ್ಲಿ ಒಂದು ದೊಡ್ಡ ತಮಾಷೆ ನಡೆದುಹೋಗಿತ್ತು. ಹತ್ತಿ ವ್ಯಾಪಾರದ ಒಬ್ಬ ದಲಾಲಿಗೆ ಕೀವುಗಡ್ಡೆ ಕೊಯ್ಯಲು ಗೌಡ್ರು ಕೆಟಮಿನ್ ಹಾಕಿದ್ದರು. ವಾರ್ಡಿಗೆ ತಂದ ಮೇಲೆ ಆ ಪುಣ್ಯಾತ್ಮ ಹಮಾಲರನ್ನು ಕರೆದಂತೆ ಕೂಗತೊಡಗಿದ: "ಹತ್ತಿ ಅಂಡಿಗಿಗೆ ಇನ್ನೊಂದು ಕೊಡಾ ನೀರು ಹೊಡೀರಲೇ, ತೂಕ ಬರ್ಲಿ!" ವಾರ್ಡಿನಲ್ಲಿ ಮಲಗಿದ್ದವರಲ್ಲಿ ಇಬ್ಬರು ಅವನಿಂದ ಹತ್ತಿ ಕೊಂಡವರು. ಅಂದಿನಿಂದ ನವಲಗುಂದದಲ್ಲಿ ಆ ಔಷಧಕ್ಕೆ 'ಬಡಬಡಿಸೂ ಸೂಜಿ' ಎಂದೇ ಹೆಸರಾಯಿತು.

ಮಳೆಗಾಲದ ಮುಂಚಿನ ಒಂದು ಬೆಳಿಗ್ಗೆ ನಾನು ಬಸ್ಸಿಳಿದು ಆಸ್ಪತ್ರೆಗೆ ಹೋದಾಗ ಕಟ್ಟೆಯ ಮೇಲೆ ರಕ್ತ. ಒಳಗೆ ಮಾಬೂಬಿ ಕೂತಿದ್ದಳು. ಜಮಖಾನೆ ನೇಯುವ ಮನೆಯ ಸೊಸೆ, ನಡುವಯಸ್ಸು, ಗಟ್ಟಿ ಹೆಣ್ಣು. ಗಾಳಿಗೆ ಮಾಡಿನ ತಗಡು ಕಿತ್ತು ಜಾರಿತ್ತು, ಹಿಡಿಯಲು ಹೋಗಿ ಬಲ ಮಣಿಕಟ್ಟು ಕೊಯ್ದುಕೊಂಡಿದ್ದಳು. ಟವೆಲ್ಲು ಸುತ್ತಿದ ಆ ಕೈಯನ್ನು ಅವಳ ಅತ್ತೆ ಖತೀಜಾಬಿ ಕೂಸನ್ನು ಎತ್ತಿಕೊಂಡಂತೆ ಎದೆಗೆ ಅವಚಿಕೊಂಡಿದ್ದಳು.

ಗೌಡ್ರು ನೋಡಿ ಹೇಳಿದರು: "ರಕ್ತದ ನಾಳ, ದೊಡ್ಡ ನರ ಉಳದಾವ, ದೇವರ ದೊಡ್ಡಾಂವ. ಖರೆ, ಬೆರಳು ಮಡಚೂ ಹುರಿ ಕಡದಾವ. ಇವತ್ತ ಹೊಲೀಬೇಕು. ತಡಾ ಮಾಡಿದ್ರ ತುದಿ ಒಳಗ ಜಗ್ಗಿಕೊಂಡು ಹೋಗ್ತಾವ, ಮುಂದ ಆ ಕೈಲೆ ಚಮಚಾ ಹಿಡ್ಯಾಕೂ ಆಗಂಗಿಲ್ಲ. ಬಾಯಾರ, ಕೆಟಮಿನ್ ಹಾಕ್ರಿ, ಸುರು ಮಾಡೂಣು."

ಮಾಬೂಬಿ ತಲೆ ಎತ್ತಿದಳು. "ಆ ಬಡಬಡಿಸೂ ಸೂಜಿ ನನಗ ಬ್ಯಾಡ್ರಿ ಸಾಹೇಬ್ರ."

"ಹಂಗಾರ ಹುಬ್ಬಳ್ಳಿಗೆ ಹೋಗ್ತಿ ಏನು?"

"ಅಲ್ಲೂ ಮಲಗಸೇ ಮಲಗಸ್ತಾರ. ಬ್ಯಾಡ್ರಿ. ಕೈ ಹೋದ್ರ ಹೋಗ್ಲಿ."

ಗೌಡ್ರ ಗಂಟಲು ಏರಿತು. ಎಂಥ ಹುಚ್ಚು ಹೆಣ್ಣು, ಕೈ ಹೋದರೆ ಹೋಗಲಿ ಅನ್ನುತ್ತಾಳಲ್ಲ ಎಂದು ನನಗೂ ರೇಗಿತು. ಆಗ ಖತೀಜಾಬಿ ನನ್ನ ಸೆರಗು ಜಗ್ಗಿ ಮೂಲೆಗೆ ಕರೆದೊಯ್ದು ಕಿವಿಯಲ್ಲಿ ಹೇಳಿದಳು.

"ಬಾಯಾರ, ನಮ್ಮ ಮನೀದು ಒಂದು ಜಮಖಾನಿ ನಕ್ಷಾ ಐತ್ರಿ. ಎಲ್ಲೂ ಬರದಿಟ್ಟಿಲ್ಲ. ಯಾವ ಸಾಲಿಗೆ ಯಾವ ಬಣ್ಣ, ಎಷ್ಟ ಎಳಿ, ಎಲ್ಲಾ ಬಾಯಾಗ ಐತಿ. ನನ್ನ ಅತ್ತಿ ನನಗ ಕಲಸಿದ್ದು, ನಾ ಇಕಿಗೆ ಕಲಸಿದ್ದು. ಹೊಟ್ಟೀಲೆ ಹುಟ್ಟಿದ ಮಗಳಿಗೂ ಹೇಳಿಲ್ರಿ, ಅಕಿ ಇನ್ನೊಂದು ಮನಿಗೆ ಹೋಗಾಕಿ. ಸೊಸೀಗೆ ಅಷ್ಟ. ಈಗ ನನಗ ಕಣ್ಣ ಮಬ್ಬಾಗ್ಯಾವ, ಲೆಕ್ಕಾ ಮರ್ತೀನಿ. ಇಕಿ ಮಗನ ಹೇಣ್ತಿ ಹೊಸದಾಗಿ ಬಂದಾಳ, ಇನ್ನ ಕಲ್ತಿಲ್ಲ. ನಕ್ಷಾ ಈಗ ಇಕಿ ಒಬ್ಬಾಕಿ ಕಡೇನ ಐತ್ರಿ."

"ಅದಕ್ಕೇನಾತು?"

ಖತೀಜಾಬಿ ಕಣ್ಣಲ್ಲೇ ಬಾಗಿಲ ಕಡೆ ತೋರಿಸಿದಳು. ಅಲ್ಲಿ ಆಸ್ಪತ್ರೆಯ ಆಯಾ ದಾವಲ್‌ಬಿ ಉಪಕರಣ ಕುದಿಸಲು ಸ್ಟೋವ್ ಹಚ್ಚುತ್ತಿದ್ದಳು. ದಾವಲ್‌ಬಿಯೂ ಜಮಖಾನೆಯ ಮನೆಯವಳೇ, ಬಾಜೂ ಓಣಿಯ ಮನೆ. ಅವರ ನಕ್ಷೆ ಬೇರೆ, ಇವರದು ಬೇರೆ. ಗೌಡ್ರಿಗೆ ಕತ್ತರಿ, ಚಿಮಟ ಕೈಗೆ ಕೊಡಬಲ್ಲವಳು ಅವಳೊಬ್ಬಳೇ. ಅವಳನ್ನು ಹೊರಗೆ ಕಳಿಸಿದರೆ ಶಸ್ತ್ರಚಿಕಿತ್ಸೆಯೇ ಇಲ್ಲ.

ನಾನು ಮಾಬೂಬಿಯ ಹತ್ತಿರ ಬಂದು ಕೂತೆ. "ಅಲ್ಲವಾ, ಕೈ ಹೋದ್ರ ನಕ್ಷಾ ಇಟ್ಕೊಂಡು ಏನ್ ಮಾಡ್ತಿ?"

"ಬಾಯೀಲೆ ಹೇಳಿ ಸೊಸೀಗೆ ಕಲಸ್ತೀನ್ರಿ. ನಕ್ಷಾನ ಓಣಿಪಾಲಾದ್ರ ನಮ್ಮ ಮನೀದು ಅಂತ ಏನ್ ಉಳೀತ್ರಿ?" ಅಂದಳು. ಕಣ್ಣಲ್ಲಿ ನೀರು ಬಂತು. "ಕೈನೂ ಬೇಕ್ರಿ ಬಾಯಾರ. ಯಾರಿಗೆ ಬ್ಯಾಡಾಗಿರ್ತದ. ಖರೆ, ಬಾಯಿ ನನ್ನ ತಾಬೇದಾಗ ಇರಬೇಕು."

ನನಗೆ ಒಮ್ಮೆಲೇ ಅವಳ ಮೇಲೆ ಪ್ರೀತಿ ಉಕ್ಕಿ ಬಂತು. ಕೈ ಮಲಗಬೇಕು, ಬಾಯಿ ಎಚ್ಚರವಿರಬೇಕು. ಇದು ನನ್ನದೇ ಕೆಲಸವಲ್ಲವೇ! "ಗೌಡ್ರ, ಇಕಿಗೆ ಕೈಯಷ್ಟ ಜೋಮು ಬರಸ್ತೀನಿ. ಅದೂ ಅಲ್ದ ಈಗಷ್ಟ ಹೊಟ್ಟಿತುಂಬ ರೊಟ್ಟಿ ತಿಂದಾಳ, ಮಲಗಸೂದು ಒಳ್ಳೇದಲ್ಲ" ಅಂದೆ.

"ನಿಮ್ಮ ಔಷಧ ತಾಸ ಸವ್ವಾ ತಾಸಿಗೆ ಇಳೀತದ. ಇಷ್ಟೂ ಹುರಿ ಹೊಲ್ಯಾಕ ನನಗ ಅದರ ಎರಡು ಪಟ್ಟು ಬೇಕು."

"ಉದ್ದ ಮಾಡ್ತೀನ್ರಿ."

"ಆಗಲಿಲ್ಲಂದ್ರ? ಅರ್ಧಕ್ಕ ಇಕಿ ಚೀರಿದ್ರ ನಾ ಕೆಟಮಿನ್ ಹಾಕಾಂವ. ಆಗ ನಕ್ಷಾನೂ ಹೊರಗ, ನೀವೂ ಹೊರಗ!"

"ಆತ್ರಿ" ಅಂದೆ. ಅಂದು ಚೀಲ ಬಿಚ್ಚಿದೆ.

ಜೊತೆಮದ್ದು ಯಾವುದು ಹಾಕಬೇಕು? ಪೆಥಿಡಿನ್ ಬೆರೆಸಿದರೆ ನೋವು ಬಹಳ ಹೊತ್ತು ಬಾರದು ಎಂದು ಆಗ ಕೆಲವರು ಹೇಳುತ್ತಿದ್ದರು. ಚೀಲದಲ್ಲಿ ಅದೂ ಇತ್ತು. ಕೈಗೆ ತೆಗೆದುಕೊಂಡು ಮತ್ತೆ ಒಳಗಿಟ್ಟೆ. ಅದು ರಕ್ತಕ್ಕೆ ಸೇರಿದರೆ ಮಂಪರು ತರುತ್ತದೆ, ಮಂಪರಿನಲ್ಲಿ ನಾಲಿಗೆ ಸಡಿಲವಾಗುತ್ತದೆ. ಕೈಯನ್ನು ಮಾತ್ರ ಹಿಡಿದು ನಾಲಿಗೆಯ ತಂಟೆಗೆ ಹೋಗದಿರುವವು ಅಡ್ರಿನಲಿನ್, ಸೋಡಾ ಎರಡೇ. ಅಡ್ರಿನಲಿನ್ನನ್ನು ಸಣ್ಣ ಸಿರಿಂಜಿನಲ್ಲಿ ಎಳೆದು, ಕಿಟಕಿಯ ಬೆಳಕಿಗೆ ಹಿಡಿದು, ಗೆರೆ ನೋಡಿ, ಮತ್ತೊಮ್ಮೆ ನೋಡಿ ಬೆರೆಸಿದೆ. ಸೋಡಾ ಹಾಕಿ ಸಿರಿಂಜು ಅಲುಗಿಸಿದೆ, ಮಬ್ಬಾಗಲಿಲ್ಲ. ಗೌಡ್ರು ಹೆಗಲ ಹಿಂದೆ ನಿಂತು, "ಏನ್ ಕಷಾಯ ಮಾಡಾಕತ್ತೀರಿ ಏನ್ರಿ?" ಅಂದರು.

ಮೇಜಿನ ಮೇಲೆ ಮಲಗಿದ ಮಾಬೂಬಿ ತುಟಿಗಳನ್ನು ಒಳಗೆಳೆದುಕೊಂಡು ಬಿಗಿಹಿಡಿದಳು. ಈ ಸೂಜಿಯೂ ಎಲ್ಲಿ ಬಾಯಿ ಬಿಡಿಸುತ್ತದೋ ಎಂಬ ಸಂಶಯ ಅವಳಿಗೆ. "ಝುಂ ಅಂದ ಕೂಡ್ಲೆ ಹೇಳಬೇಕವಾ" ಅಂದೆ. ತಲೆ ಅಲ್ಲಾಡಿಸಿ ಇಲ್ಲ ಅಂದಳು. ಕೊನೆಗೆ ಎಡಗೈ ಬೆರಳು ಎತ್ತಬೇಕೆಂದು ಒಪ್ಪಂದವಾಯಿತು. ಸೂಜಿ ಇಳಿಸಿದೆ. ಒಮ್ಮೆ ಎಲುಬು ತಾಗಿತು. ಮತ್ತೊಮ್ಮೆ ಸ್ವಲ್ಪ ಸರಿಸಿದೆ. ಎಡಗೈ ಬೆರಳು ಪಟ್ಟನೆ ಎದ್ದು ನಿಂತಿತು! ಅಷ್ಟು ಚಂದದ ಉತ್ತರ ಬಾಯಿಂದಲೂ ನನಗೆ ಯಾರೂ ಕೊಟ್ಟಿರಲಿಲ್ಲ. ಸಿರಿಂಜು ಹಿಂದಕ್ಕೆ ಎಳೆದು ನೋಡಿ, ರಕ್ತ ಬರಲಿಲ್ಲವೆಂದು ಖಾತ್ರಿ ಮಾಡಿಕೊಂಡು, ತಡೆತಡೆದು ಔಷಧ ಬಿಟ್ಟೆ.

ಕೈ ಬೇಗ ಭಾರವಾಯಿತು, ಸೋಡಾ ತನ್ನ ಕೆಲಸ ಮಾಡಿತ್ತು. ಗೌಡ್ರು ಚಾ ಕುಡಿಯಲು ಹೋಗುವ ಮಾತೂ ಎತ್ತಲಿಲ್ಲ, ಕೈ ತೊಳೆದುಕೊಂಡು ಬಂದು ಸುರುಮಾಡಿದರು. ಆಗ ಮಾಬೂಬಿಯ ನಾಡಿ ನನ್ನ ಬೆರಳಿನ ಕೆಳಗೆ ಓಡತೊಡಗಿತು. ಹಣೆಯ ಮೇಲೆ ಬೆವರು. ಅಡ್ರಿನಲಿನ್ ಎದೆ ಹಾರಿಸುತ್ತದೆ, ಹೆದರಿಕೆಯೂ ಹಾರಿಸುತ್ತದೆ. ಆದರೆ ಲಿಗ್ನೊಕೇನ್ ರಕ್ತಕ್ಕೆ ಸೇರಿ ತಲೆಗೇರಿದರೂ ಹೀಗೆಯೇ ಸುರುವಾಗಬಹುದು. ತುಟಿ ಜುಮುಗುಡುತ್ತದೆ, ಕಿವಿಯಲ್ಲಿ ಗುಂಯ್ ಅನ್ನುತ್ತದೆ, ಮಾತು ತೊದಲುತ್ತದೆ, ಆಮೇಲೆ ಮನುಷ್ಯ ಸುಮ್ಮನಾಗುತ್ತಾನೆ. ಆಮೇಲೆ ಫಿಟ್ಸ್ ಬಂದು ಸೆಟೆಯುತ್ತಾನೆ. ಇದನ್ನು ಹೇಳುವ ಯಂತ್ರ ನಮ್ಮ ಹತ್ತಿರ ಯಾವುದೂ ಇರಲಿಲ್ಲ. ಮಾತಾಡಿಸುತ್ತ ಇರುವುದೊಂದೇ ದಾರಿ.

"ಮಾಬೂಬಿ, ಕಿವ್ಯಾಗ ಗುಂಯ್ ಅಂತದೇನು?"

ಉತ್ತರವಿಲ್ಲ.

"ನಾಲಿಗಿ ದಪ್ಪ ಅನಸ್ತದೇನವಾ?"

ತುಟಿ ಇನ್ನೂ ಬಿಗಿಯಾಯಿತು. ಕಣ್ಣು ಮುಚ್ಚಿಕೊಂಡಳು. ಪ್ರತಿಜ್ಞೆಯಿಂದ ಸುಮ್ಮನಿದ್ದಾಳೋ, ಔಷಧದಿಂದ ಸುಮ್ಮನಾಗುತ್ತಿದ್ದಾಳೋ ಹೇಗೆ ತಿಳಿಯಬೇಕು? ಅವಳ ಮುಖದ ಹತ್ತಿರ ಬಾಗಿದೆ. "ಮಾಬೂಬಿ! ನಿನ್ನ ಕಾಲ ಬೀಳ್ತೀನಿ, ಒಂದ ಮಾತ ಆಡವಾ!" ಇಲ್ಲ.

ಬಾಗಿಲ ಪರದೆಯ ಹೊರಗೆ ಖತೀಜಾಬಿ ಕೂತಿದ್ದಳು. ನಾನು ಕೂಗಿದೆ: "ಅಮ್ಮಾ, ನಿಮ್ಮ ಸೊಸಿ ಬಾಯಿ ತಗೀವಲ್ಲಳು! ಮಾತಾಡಿದ್ರ ಅಷ್ಟ ನನಗ ಅಕಿ ಜೀವಾ ತಿಳೀತದ. ನೀವರ ಹೇಳ್ರಿ!"

ಹೊರಗಿಂದ ಗುಡುಗಿದಂತೆ ಬಂತು: "ಮಾತಾಡ್ ಬೇ ಮಾಬೂಬಿ! ನಕ್ಷಾ ಒಂದು ಬಿಟ್ಟು ಏನ್ ಬೇಕಾದ್ದು ಮಾತಾಡು!"

ಒಂದು ಕಣ್ಣು ತೆರೆಯಿತು. ತುಟಿ ಅಲುಗಿತು. "ಏನ್ ಮಾತಾಡ್ಲಿ ಅಮ್ಮಾ?"

"ಏನರ! ನನ್ನ ಮ್ಯಾಲಿನ ಸಿಟ್ಟರ ಹೇಳು!"

"ಹೇಳ್ಲೀ?"

"ಹೇಳ್ ಬೇ, ಕೇಳ್ತೀನಿ!"

ಸುರುವಾಯಿತು ನೋಡಿ! ಮದುವೆಯಾಗಿ ಬಂದ ದಿನದಿಂದ ನುಂಗಿಕೊಂಡದ್ದೆಲ್ಲ ಸಾಲಾಗಿ ಹೊರಗೆ ಬಂತು. "ನಾ ನೇಯ್ದ ಮೊದಲನೇ ಜಮಖಾನಿ, ಒಂದ ಸಾಲು ತಪ್ಪೈತಿ ಅಂತ ಇಡೀದು ಬಿಚ್ಚಿಸಿದ್ರಿ! ನಾ ಎಷ್ಟ ಅತ್ತೀನಿ ಗೊತ್ತೈತೇನು?"

ಪರದೆಯ ಆಚೆಯಿಂದ: "ತಪ್ಪಿದ್ದು ಖರೇ ಅಲ್ಲೇನ್ ಬೇ? ಬಿಚ್ಚಿಸಿದ್ದಕ್ಕ ನಿನ್ನ ಕೈ ಮಗ್ಗಕ್ಕ ಕುಂತತಿ!"

"ನನ್ನ ಬಾಣಂತನದ ಅಂಟಿನುಂಡಿ ನಿಮ್ಮ ಮಗಳಿಗೆ ಕೊಟ್ರಿ!"

"ಎರಡ ಕೊಟ್ಟೀನಿ! ಎರಡ!"

"ಡಬ್ಬಿ ಖಾಲಿ ಇತ್ತು!"

"ನಿನ್ನ ಗಂಡ ತಿಂದಾನ, ಅವನ್ನ ಕೇಳು!"

ಗೌಡ್ರ ಹೆಗಲು ಕುಲುಕುತ್ತಿತ್ತು. "ಖತೀಜಾಬಿ, ಉಂಡಿ ಪಂಚಾಯ್ತಿ ಒಂಚೂರು ನಿಂದ್ರಸ್ರಿ. ನಗೀಲೆ ನನ್ನ ಕೈ ಅಳ್ಳಾಡಾಕತ್ತೈತಿ!" ಮಾಬೂಬಿಯ ಮಾತು ಎಲ್ಲಿಯೂ ತೊದಲಲಿಲ್ಲ. ಒಂದೊಂದು ಬೈಗುಳವೂ ಸ್ಪಷ್ಟ, ಸುಂದರ. ನಾಡಿ ಇಳಿಯಿತು, ಬೆವರು ಆರಿತು. ಅತ್ತೆಯನ್ನು ಬೈಯುವ ಸೊಸೆಯ ದನಿ ಅಷ್ಟು ಹಿತವಾಗಿ ನನಗೆ ಇನ್ನೆಂದೂ ಕೇಳಿಲ್ಲ.

ಒಂದೇ ಒಂದು ಕಿರಿಕಿರಿ ದಾವಲ್‌ಬಿಯದು. ಗೌಡ್ರು "ಕತ್ರಿ" ಅಂದರೆ ಕೊಡಲಿಲ್ಲ. ಎರಡು ಸಲ ಕೂಗಿದ ಮೇಲೆ ಅವರ ಮುಖ ನೋಡಿ ಚಿಮಟ ಕೊಟ್ಟಳು. ಎಂದೂ ತಪ್ಪದವಳು ಅಂದು ಮೇಲಿಂದ ಮೇಲೆ ತಪ್ಪಿದಳು. "ಈಕಿ ಲಕ್ಷ್ಯ ಎಲ್ಲೈತಿ ಇವತ್ತ?" ಎಂದು ಗೌಡ್ರು ಮೊಣಕೈಯಿಂದ ತಿವಿದರು. ಎಲ್ಲಿದೆ ಎಂದು ನಾನು ಮನಸ್ಸಿನಲ್ಲೇ ತೀರ್ಮಾನ ಮಾಡಿಬಿಟ್ಟಿದ್ದೆ. ಮಾಬೂಬಿಯ ಬಾಯಿಂದ ಬಣ್ಣದ ಹೆಸರೊಂದು ಬಿದ್ದರೆ ಹೆಕ್ಕಿಕೊಳ್ಳಲು ಕಾದಿದ್ದಾಳೆ ಎಂದುಕೊಂಡು ಅವಳ ಮೇಲೆ ಕಣ್ಣಿಟ್ಟೆ.

ಒಂದು ಹುರಿಯ ತುದಿ ಒಳಗೆ ಜಾರಿಹೋಗಿತ್ತು. ಅದನ್ನು ಹುಡುಕಿ ತರುವಷ್ಟರಲ್ಲಿ ಬಿಸಿಲು ಕಿಟಕಿಯಿಂದ ಗೋಡೆಗೆ ಸರಿದಿತ್ತು. ಸಾದಾ ಲಿಗ್ನೊಕೇನ್ ಆಗಿದ್ದರೆ ಅದು ಎಂದೋ ಮನೆಗೆ ಹೋಗಿರುತ್ತಿತ್ತು. ಅಡ್ರಿನಲಿನ್ ಮಾತ್ರ ಅದರ ಕಾಲು ಹಿಡಿದು ಕೂಡಿಸಿತ್ತು. ಅಂಟಿನುಂಡಿ ಮುಗಿದು, ನಾದಿನಿಯ ಮದುವೆಯ ಸೀರೆ ಮುಗಿದು, ಮಾತು ಹಬ್ಬದ ಸುರಕುಂಬದ ಪಾಯಸಕ್ಕೆ ಬಂದಾಗ ಮಾಬೂಬಿ ಒಮ್ಮೆಲೇ ಮಾತು ನಿಲ್ಲಿಸಿದಳು.

"ಬಾಯಾರ, ಹೆಬ್ಬಟ್ಟಿನಾಗ ಇರವಿ ಹರದಾಡಿದಂಗ ಆಗಾಕತ್ತೈತ್ರಿ."

ಜೋಮು ಇಳಿಯತೊಡಗಿತ್ತು. ನಾನು ಗೌಡ್ರ ಮುಖ ನೋಡಿದೆ, ಅವರು ಕೆಟಮಿನ್ ಸೀಸೆ ಇದ್ದ ತಟ್ಟೆಯನ್ನು ನೋಡಿದರು.

"ಇನ್ನ ಎಷ್ಟ ಉಳದೈತ್ರಿ?" ಎಂದೆ.

ಗೌಡ್ರು ಗಂಟು ಬಿಗಿದು ದಾರ ಕತ್ತರಿಸಿದರು. "ಹುರಿ ಎಲ್ಲಾ ಮುಗದಾವ. ಚರ್ಮ ಅಷ್ಟ ಉಳದೈತಿ." ಆಮೇಲೆ ಏನು ಹೊಳೆಯಿತೋ, ಮಣಿಕಟ್ಟನ್ನು ತಮ್ಮ ಅಂಗೈಯಲ್ಲಿ ಮಡಚಿ ಹಿಡಿದುಕೊಂಡು ಹೇಳಿದರು: "ಮಾಬೂಬಿ, ಬೆರಳು ಒಂಚೂರು, ಅಗದಿ ಒಂಚೂರು ಆಡಸು ನೋಡೂಣು."

ತೋರುಬೆರಳು ಕೂದಲೆಳೆಯಷ್ಟು ಬಾಗಿತು. ಅದರ ಹಿಂದೆ ನಡುಬೆರಳು. ಮತ್ತೆ ಒಂದು. ಮತ್ತೆ ಕಿರುಬೆರಳು. ಗಾಯದೊಳಗೆ ಆ ಬಿಳಿ ಹುರಿಗಳು ಒಂದೊಂದಾಗಿ ಸರಿಯುವುದು ಕಣ್ಣಿಗೆ ಕಂಡಿತು. ಮಲಗಿಸಿದ್ದರೆ ಇದನ್ನು ಯಾರು ನೋಡುತ್ತಿದ್ದರು?

"ಬಂದೂವಲೇ!" ಎಂದು ಗೌಡ್ರು ಆಸ್ಪತ್ರೆ ಹಾರಿಹೋಗುವಂತೆ ಕೂಗಿದರು. ನಾನು ಅಳುತ್ತಿದ್ದೆ, ಮುಖದ ಬಟ್ಟೆ ಒದ್ದೆಯಾಯಿತು. ಚರ್ಮದ ಅಂಚಿಗೆ ಒಂದಿಷ್ಟು ಔಷಧ ಚುಚ್ಚಿದೆ, ಅವರು ಹೊಲಿಗೆ ಮುಗಿಸಿದರು. ಕೆಟಮಿನ್ ಸೀಸೆ ಇದ್ದಲ್ಲೇ ಇತ್ತು.

ಪಟ್ಟಿ ಕಟ್ಟಿದ ಮೇಲೆ ಗೌಡ್ರು ದಾವಲ್‌ಬಿಯ ಕಡೆ ತಿರುಗಿದರು. "ಏನಾಗಿತ್ತ ಬೇ ನಿನಗ? ಕಿವುಡಾಗೀಯೇನು?"

ದಾವಲ್‌ಬಿಗೆ ಅದೂ ಕೇಳಿಸಲಿಲ್ಲ. ಅವರ ಮುಖದ ಸಿಟ್ಟು ನೋಡಿ ಗಾಬರಿಯಾಗಿ, ತಲೆಗೆ ಕಟ್ಟಿದ ಬಟ್ಟೆಯೊಳಗೆ ಕೈ ಹಾಕಿದಳು. ಒಂದು ಕಿವಿಯಿಂದ ಹತ್ತಿಯ ಉಂಡೆ ಬಂತು, ಇನ್ನೊಂದು ಕಿವಿಯಿಂದ ಇನ್ನೊಂದು.

"ಸಿಟ್ಟಾಗಬ್ಯಾಡ್ರಿ ಸಾಹೇಬ್ರ. ಅಕಿ ಬಾಯಿ ಅಪ್ಪಿತಪ್ಪಿ ಜಾರಿದ್ರ ಅವರ ಮನಿ ಲೆಕ್ಕಾ ನನ್ನ ಕಿವಿಗೆ ಬೀಳಬಾರದ್ರಿ. ಕಿವಿಗೆ ಬಿದ್ದ ಮ್ಯಾಲೆ ಕೈ ಸುಮ್ನಿರತೈತೇನ್ರಿ?" ಅಂದಳು.

ಮಾಬೂಬಿ ಎಡಗೈ ಚಾಚಿ ಅವಳ ಕೈ ಹಿಡಿದಳು. ಗೌಡ್ರು ಮೂಗು ಒರೆಸಿಕೊಂಡು, "ಎಲ್ಲಾರಿಗೂ ಚಾ ತರಸ್ರಿ" ಎಂದು ಹೊರಗೆ ಹೋದರು. ಆ ದಿನದ ನಂತರ ಅವರು ನನ್ನ ಕಷಾಯವನ್ನು ಹಾಸ್ಯ ಮಾಡಿದ್ದುಂಟು, ಬೇಡ ಅಂದದ್ದಿಲ್ಲ.

ಹೊಲಿಗೆ ಬಿಚ್ಚಿ, ಪಟ್ಟಿ ತೆಗೆದು, ಬಿಸಿನೀರಿನಲ್ಲಿ ಕೈ ಆಡಿಸಿ ಆಡಿಸಿ, ಚಳಿಗಾಲ ಬಂತು. ಒಂದು ಸೋಮವಾರ ಕೆಲಸ ಬೇಗ ಮುಗಿದಾಗ ಮಾಬೂಬಿಯ ಮನೆಗೆ ಹೋದೆ. ಜಮಖಾನೆಯ ಮನೆಗಳಿಗೆ ಹೊರಗಿನವರು ಬಂದರೆ ಮೊದಲು ಮಗ್ಗದ ಮೇಲೆ ಚಾದರ ಬೀಳುತ್ತದೆ, ಆಮೇಲೆ 'ಬರ್ರಿ' ಅನ್ನುತ್ತಾರೆ. ನಾನು ಅದಕ್ಕಾಗಿಯೇ ಬಾಗಿಲಲ್ಲಿ ಕೆಮ್ಮಿ, ಚಪ್ಪಲಿ ಬಿಡುವ ನೆಪದಲ್ಲಿ ತಡಮಾಡಿದೆ.

"ಒಳಗ ಬರ್ರಿ ಬಾಯಾರ" ಎಂದು ಮಾಬೂಬಿ ಕೂತಲ್ಲಿಂದಲೇ ಕರೆದಳು.

ಸೊಸೆ ಹುಡುಗಿ ಚಾದರ ಎಳೆಯಲು ಎದ್ದಳು. ಮಾಬೂಬಿ ತಡೆದಳು. "ಬಿಡು. ಅವರು ನನ್ನ ಬಾಯಿ ಕಾದಾರ. ಅವರಿಗೇನ್ ಮುಚ್ಚೂದು?"

ಮೂಲೆಯಲ್ಲಿ ಕೂತು ನೂಲು ಸುತ್ತುತ್ತಿದ್ದ ಖತೀಜಾಬಿ ಹೌದೆಂದು ತಲೆಯಾಡಿಸಿದಳು. ಮಾಬೂಬಿ ಬಲಗೈಯಲ್ಲಿ ಕಬ್ಬಿಣದ ಪಂಜ ಹಿಡಿದಿದ್ದಳು, ಎಳೆ ಕೂಡಿಸಿ ಬಡಿಯುವ ಹಣಿಗೆಯಂಥದು. ಕಿರುಬೆರಳು ಇನ್ನೂ ಪೂರ್ತಿ ಮಡಚುತ್ತಿರಲಿಲ್ಲ, ಉಳಿದವು ಬಿಗಿಯಾಗಿ ಹಿಡಿದಿದ್ದವು. ಅವಳು ಪಂಜ ಬಡಿದು ಸಾಲು ಸಾಲಾಗಿ ಬಾಯಲ್ಲಿ ಹೇಳುತ್ತ ಹೋದಳು, ಸೊಸೆ ಎಳೆ ಎಣಿಸಿ ಬಣ್ಣ ಕೂಡಿಸುತ್ತ ಹೋದಳು. ನಾನು ಎದುರಿಗೇ ಕೂತಿದ್ದೆ. ಬೇಡವೆಂದರೂ ಕಿವಿಗೆ ಬಿತ್ತು. ಬೇಡವೆಂದರೂ ನೆನಪಿನಲ್ಲಿ ಉಳಿಯಿತು. ಬಸ್ಸಿನಲ್ಲಿ ಹುಬ್ಬಳ್ಳಿಗೆ ಬರುವವರೆಗೂ ತಲೆಯಲ್ಲಿ ಅದೇ ಓಡುತ್ತಿತ್ತು. ಇಂದಿಗೂ ಮೊದಲ ಸಾಲಿನಿಂದ ಹೇಳಬಲ್ಲೆ.

ಈಗ ಆ ಹುಡುಗಿಯ ಎರಡನೆಯ ಪ್ರಶ್ನೆ. ಹೋದ ವರ್ಷ ನನ್ನ ಕೈಗೆ ಜೋಮು ಹತ್ತಿದ ಮೇಲೆ ಅವಳು ಇನ್ನೊಂದು ಸಿರಿಂಜು ಹಿಡಿದು ಕೇಳಿದಳು: "ಒಂದಿಷ್ಟು ನಿದ್ದಿ ಬರೂ ಔಷಧ ಕೊಡ್ಲೇನ್ರಿ ಮೇಡಂ? ಎಲ್ಲಾರೂ ತಗೊಳ್ತಾರ."

"ಬ್ಯಾಡವಾ."

"ನಿದ್ದಿ ಬಾಯಾರಿಗೇ ನಿದ್ದಿ ಬ್ಯಾಡೇನ್ರಿ?" ನನ್ನ ಹಳೆಯ ಹೆಸರು ಅವಳ ಕಿವಿಗೂ ಬಿದ್ದಿತ್ತು.

"ಬ್ಯಾಡ. ನನ್ನ ಹಂತೇಕ ಒಂದು ಮನಿ ನಕ್ಷಾ ಐತಿ."

ಅವಳಿಗೆ ಏನೂ ತಿಳಿಯಲಿಲ್ಲ. ಎಲುಬಿನ ಡಾಕ್ಟರು ಕೆಲಸ ಸುರುಮಾಡಿದರು. ನಾನು ತುಟಿ ಬಿಗಿಹಿಡಿದು ಮಲಗಿದೆ. ಸ್ವಲ್ಪ ಹೊತ್ತಿಗೆ ಹುಡುಗಿ ಬಾಗಿ ನನ್ನ ಮುಖ ನೋಡಿದಳು. ಸುತ್ತ ಅಷ್ಟು ಯಂತ್ರಗಳಿದ್ದರೂ ಅವಳ ದನಿಯಲ್ಲಿ ಗಾಬರಿ ಇತ್ತು.

"ಮೇಡಂ, ಯಾಕ ಸುಮ್ನದೀರಿ? ಏನರ ಮಾತಾಡ್ರಿ."

ಒಳ್ಳೆಯ ಡಾಕ್ಟರಾಗುತ್ತಾಳೆ ಈಕೆ ಎಂದುಕೊಂಡು ಬಾಯಿ ತೆರೆದೆ. ನಮ್ಮ ಅತ್ತೆಯವರ ಉಪ್ಪಿನಕಾಯಿ ಭರಣಿಯಿಂದ ಸುರುಮಾಡಿದೆ.